ಹಳೇ ಫೋರ್ಡ್ ಸಾಮಾನಿನಿಂದ ಹಾಟ್ ರಾಡ್: ದಾವಣಗೆರೆಯ ಲೇತಿಗೆ ಒಂಬತ್ತು, ವೈರಿಂಗಿಗೆ ನಾಲ್ಕು

ಮಾಡೆಲ್ ಎ ಚಾಸಿ ಒಂದು ಕಡೆ, ವಿ-8 ಇಂಜಿನ್ ಇನ್ನೊಂದು ಕಡೆ, ಹಿಂದಿನ ಆಕ್ಸಲ್ ಹೌಸಿಂಗ್ ಯಾರದೋ ತೋಟದ ಮನೆಯ ಹಿತ್ತಲಲ್ಲಿ. ಹೀಗೆ ಚೆಲ್ಲಾಪಿಲ್ಲಿಯಾದ ಹಳೇ ಫೋರ್ಡ್ ಸಾಮಾನು ಒಟ್ಟು ಮಾಡಿ ಹಾಟ್ ರಾಡ್ (ತೂಕ ಇಳಿಸಿ ದೊಡ್ಡ ಇಂಜಿನ್ ಕೂರಿಸಿದ ಹಳೇ ಕಾರು) ಕಟ್ಟಿಸಲು ದಾವಣಗೆರೆ ಸಾಕಾ, ಬೆಂಗಳೂರಿಗೇ ಹೋಗಬೇಕಾ ಎಂದು ಕೇಳುವವರಿಗಾಗಿ ಈ ವಿಮರ್ಶೆ. ಇದು ಯಾವುದೋ ಒಂದು ಅಂಗಡಿಯದಲ್ಲ. ಹಳೇ ಪಿ.ಬಿ. ರಸ್ತೆಯ ಅಕ್ಕಪಕ್ಕದಿಂದ ಹರಿಹರದವರೆಗೆ ಹರಡಿಕೊಂಡಿರುವ ಗುಜರಿ, ಲೇತ್, ಕಮಾನು, ಟಿಂಕರಿಂಗ್, ರೇಡಿಯೇಟರ್, ವೈರಿಂಗ್ ಕಸುಬುಗಳದ್ದು. ಹತ್ತಕ್ಕೆ ಅಂಕ ಕೊಟ್ಟಿದ್ದೇವೆ. ಹೆಸರು ಹಾಕಿಲ್ಲ, ಮೇಸ್ತ್ರಿ ಅಂಗಡಿ ಬದಲಿಸಿದ ದಿನ ಅಂಕವೂ ಅವರ ಹಿಂದೆಯೇ ಹೋಗಿಬಿಡುತ್ತದೆ.

ಒಟ್ಟಾರೆ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಊರಿನ ಕೈ ಗಟ್ಟಿ, ಅಳತೆ ಮಾತ್ರ ನೀವು ಬರೆದುಕೊಂಡು ಹೋಗಬೇಕು. ಬಾಯಲ್ಲಿ ಹೇಳಿದರೆ ಅಂದಾಜಿನ ಕೆಲಸ ಬರುತ್ತದೆ. ಕಾಗದದ ಮೇಲೆ ಥೌ (ಇಂಚಿನ ಸಾವಿರದ ಒಂದು ಭಾಗ) ಲೆಕ್ಕ ಬರೆದುಕೊಟ್ಟರೆ ಅದೇ ಮೇಸ್ತ್ರಿ ಥೌ ಲೆಕ್ಕದಲ್ಲೇ ಮಾಡಿಕೊಡುತ್ತಾರೆ. "ಏನೂ ಆಗಲ್ಲ ಬಿಡ್ರೀ ಸಾರ್, ನಡೀತತಿ" ಅಂದ ಜಾಗದಲ್ಲೆಲ್ಲ ಒಂದು ಗುರುತು ಹಾಕಿಕೊಳ್ಳಿ. ಮುಂದೆ ತೊಂದರೆ ಬರುವುದು ಅಲ್ಲಿಂದಲೇ.

ಮೇಸ್ತ್ರಿಗೆ ಏನು ಬೇಕೆಂದು ಸರಿಯಾಗಿ ಹೇಳದಿದ್ದರೆ ಮಾಡಿಫೈ ಮಾಡಿದ ಜೀಪಿನಂಥದ್ದೊಂದು ತಯಾರಾಗುತ್ತದೆ. ಹಾಟ್ ರಾಡ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1930-40ರ ದಶಕದ ಹುಡುಗರು ಹಳೇ ಫೋರ್ಡಿನ ಮಡ್‌ಗಾರ್ಡ್ ಕಳಚಿ, ತೂಕ ಇಳಿಸಿ, ದೊಡ್ಡ ಇಂಜಿನ್ ಕೂರಿಸಿ, ಮುರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಸಾಂಪ್ರದಾಯಿಕ ಹಾಟ್ ರಾಡ್ ಎಂದರೆ ಆ ಕಾಲದಲ್ಲಿ ಇದ್ದ ಸಾಮಾನಷ್ಟೇ: 1928ರಿಂದ 1931ರ ಮಾಡೆಲ್ ಎ ಬಾಡಿ ಅಥವಾ 1932ರದ್ದು, ಫ್ಲಾಟ್‌ಹೆಡ್ (ವಾಲ್ವುಗಳು ಹೆಡ್ಡಿನ ಬದಲು ಬ್ಲಾಕಿನಲ್ಲೇ ಇರುವ) ವಿ-8, ಅಡ್ಡ ಕಮಾನು, ಐ-ಬೀಮ್ ಆಕ್ಸಲ್, ಸ್ಟೀಲ್ ರಿಮ್. ಅಲಾಯ್ ವೀಲ್, ಎಲ್‌ಇಡಿ, ಡಿಸ್ಕ್ ಬ್ರೇಕ್ ಇಲ್ಲ. ಅಮೆರಿಕದ ಗಾಡಿಯ ಸಾಮಾನು ಇಲ್ಲಿಗೆ ಹೇಗೆ ಬಂತು ಎಂದು ಆಶ್ಚರ್ಯ ಬೇಡ. ಫೋರ್ಡ್ ಕಂಪನಿ 1926ರಿಂದ 1950ರ ದಶಕದ ಆರಂಭದವರೆಗೆ ಮುಂಬೈ, ಮದರಾಸು, ಕಲ್ಕತ್ತದಲ್ಲಿ ಗಾಡಿ ಜೋಡಿಸಿ ಮಾರುತ್ತಿತ್ತು. ಎರಡನೇ ಮಹಾಯುದ್ಧದ ಕೆನಡಾ ಫೋರ್ಡ್ ಮಿಲಿಟರಿ ಲಾರಿಗಳೂ ಯುದ್ಧ ಮುಗಿದ ಮೇಲೆ ಹರಾಜಾಗಿ ಊರೂರು ಸೇರಿದವು. ಅವುಗಳಲ್ಲಿ ಇದ್ದದ್ದು ಇದೇ ವಿ-8.

ಕಾಸು ಬಿಚ್ಚುವ ಮುಂಚೆ ಕಾನೂನು ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. 2021ರ ವಿಂಟೇಜ್ ನಿಯಮದಡಿ 50 ವರ್ಷ ದಾಟಿದ ಗಾಡಿಗೆ ವಿಎ ಅಕ್ಷರದ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲೇ ಇರಬೇಕು. ಅಂದರೆ ಕತ್ತರಿಸಿ ಜೋಡಿಸಿದ ಹಾಟ್ ರಾಡ್ ಕೆಎ-17 ಬೋರ್ಡ್ ಹಾಕಿಕೊಂಡು ಬೀದಿಗೆ ಇಳಿಯುವುದಿಲ್ಲ. ತೋಟ, ಕಾಲೇಜು ಮೈದಾನ, ಪ್ರದರ್ಶನಕ್ಕೆ ಟ್ರೇಲರ್ ಮೇಲೆ, ಅಷ್ಟೇ. ಆದ್ದರಿಂದ ಎಲ್ಲೋ ಕೊಟ್ಟಿಗೆಯಲ್ಲಿ ದಾಖಲೆ ಸಮೇತ ಪೂರ್ತಿ ಗಾಡಿ ಸಿಕ್ಕಿದರೆ ದಯವಿಟ್ಟು ಅದಕ್ಕೆ ಗ್ಯಾಸ್ ಕಟರ್ ಹಿಡಿಯಬೇಡಿ. ಈ ಕೆಲಸ ಅನಾಥ ಬಿಡಿಭಾಗಗಳಿಗೆ ಮಾತ್ರ.

ಗುಜರಿಗೆ ಆರು ಅಂಕ. ಹಳೇ ಕಬ್ಬಿಣ ಇಲ್ಲಿ ಕೆಜಿ ಲೆಕ್ಕದಲ್ಲೇ ಹೋಗುತ್ತದೆ, "ವಿಂಟೇಜ್" ಎಂಬ ಶಬ್ದ ನಿಮ್ಮ ಬಾಯಿಂದ ಬೀಳುವ ತನಕ. ಬಿದ್ದ ಮೇಲೆ ಪೀಸ್ ಲೆಕ್ಕ. ಚಾಸಿ ನೋಡುವಾಗ ಎಡಗಡೆಯ ರೈಲಿನ ಮೇಲ್ಮೈ, ಬಾಡಿಯ ಕೌಲ್ (ಡ್ಯಾಶ್‌ಬೋರ್ಡಿನ ಮುಂದಿನ ಭಾಗ) ಕೂರುವ ಜಾಗದ ಹತ್ತಿರ, ತಂತಿ ಬ್ರಷ್ ಹಾಕಿ ಉಜ್ಜಿ. ಸಾಮಾನ್ಯವಾಗಿ ಮಾಡೆಲ್ ಎ ಆದರೆ ಎ ಅಕ್ಷರದಿಂದ, 1930ರ ದಶಕದ ವಿ-8 ಆದರೆ 18 ಅಂಕೆಯಿಂದ ಶುರುವಾಗುವ ನಂಬರ್ ಕಾಣಬೇಕು, ಎರಡು ತುದಿಗೂ ನಕ್ಷತ್ರದ ಗುರುತು ಇರುತ್ತದೆ. ಗ್ರೈಂಡರ್ ಹೊಡೆದ ಗುರುತಿದ್ದರೆ ಕೈಬಿಡಿ. ಇನ್ನೊಂದು ವಿಷಯ: ಇಲ್ಲಿಗೆ ಬಂದದ್ದು ಬಲಗಡೆ ಸ್ಟೀರಿಂಗಿನ ಗಾಡಿಗಳು. ಅಮೆರಿಕದಿಂದ ತರಿಸುವ ಹೊಸ ನಕಲು ಸಾಮಾನಿನಲ್ಲಿ ಸ್ಟೀರಿಂಗ್ ಬಾಕ್ಸ್, ಪೆಡಲ್ ಸೆಟ್ ಎಡಗಡೆಯವು. ಹಾಗಾಗಿ ಬಲಗಡೆ ಸ್ಟೀರಿಂಗ್ ಬಾಕ್ಸ್ ಗುಜರಿಯಲ್ಲಿ ಎಂಥ ಸ್ಥಿತಿಯಲ್ಲಿ ಸಿಕ್ಕರೂ ಎತ್ತಿಟ್ಟುಕೊಳ್ಳಿ. ಇಂಜಿನ್ ಆಮೇಲಾದರೂ ಸಿಕ್ಕೀತು, ಅದು ಸಿಗುವುದಿಲ್ಲ.

ವಿ-8 ಬ್ಲಾಕ್ ಕೊಳ್ಳುವಾಗ ಮೊದಲು ಹೆಡ್ಡಿನ ಸ್ಟಡ್ ಎಣಿಸಿ. ಒಂದು ಹೆಡ್ಡಿಗೆ 17 ಇದ್ದರೆ ಅದು 60 ಕುದುರೆ ಶಕ್ತಿಯ ಸಣ್ಣ ವಿ-8, ಈ ಕೆಲಸಕ್ಕೆ ಬೇಡ. 21 ಇದ್ದರೆ 1930ರ ದಶಕದ ಹಳೇ 221 ಘನ ಇಂಚಿನದು. 24 ಇದ್ದರೆ ನಂತರದ್ದು; ಅದರಲ್ಲಿ 239 ಘನ ಇಂಚಿನ, 3 ಇಂಚು 3/16 ಬೋರಿನ ಬ್ಲಾಕ್ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು. 21ರ ಹೆಡ್, ಗ್ಯಾಸ್ಕೆಟ್ 24ಕ್ಕೆ ಬರುವುದಿಲ್ಲ.

ಬಿರುಕು ನೋಡದೆ ಯಾವ ಬ್ಲಾಕನ್ನೂ ಗಾಡಿಗೆ ಹೇರಬೇಡಿ. ಈ ಇಂಜಿನ್ನಿನ ಹುಟ್ಟುಗುಣವೇ ಅಂಥದ್ದು: ಎಕ್ಸಾಸ್ಟ್ ಹೊಗೆ ಬ್ಲಾಕಿನ ಒಳಗೆ, ನೀರಿನ ಜಾಕೆಟ್ಟಿನ ಮಧ್ಯದಿಂದಲೇ ಹಾದು ಹೊರಬರುತ್ತದೆ. ಅಲ್ಲಿ ಬಿಸಿ ಕೂತು ವಾಲ್ವ್ ಸೀಟಿನಿಂದ ಸಿಲಿಂಡರಿಗೆ ಬಿರುಕು ಬಿಡುತ್ತದೆ. ಪರೀಕ್ಷೆ ಸುಲಭ. ಡೆಕ್ಕನ್ನು (ಬ್ಲಾಕಿನಲ್ಲಿ ಹೆಡ್ ಕೂರುವ ಮೇಲ್ಮೈ) ತಂತಿ ಬ್ರಷ್‌ನಿಂದ ಬೆಳ್ಳಗಾಗುವವರೆಗೆ ಉಜ್ಜಿ, ಸೀಮೆಎಣ್ಣೆ ಬಳಿದು ಅರ್ಧ ಗಂಟೆ ಬಿಡಿ. ಬಟ್ಟೆಯಿಂದ ಒಣಗುವ ಹಾಗೆ ಒರೆಸಿ ಮೇಲೆ ಚಾಕ್‌ಪೀಸಿನ ಪುಡಿ ತೆಳ್ಳಗೆ ಉದುರಿಸಿ. ಐದು ನಿಮಿಷಕ್ಕೆ, ಬಿರುಕಿನಲ್ಲಿ ಅಡಗಿದ್ದ ಎಣ್ಣೆ ಪುಡಿಗೆ ಏರಿ, ಕೂದಲೆಳೆಯಂಥ ಕಪ್ಪು ಗೆರೆ ಎಳೆಯುತ್ತದೆ. ಸ್ಟಡ್ ತೂತಿನಿಂದ ನೀರಿನ ತೂತಿಗೆ ಹೋದ ಗೆರೆಯಾದರೆ ಹೆದರಬೇಡಿ, ಪಿನ್ ಹೊಡೆದು ಹೊಲಿಯುವ ತಣ್ಣನೆ ರಿಪೇರಿಗೆ ಬಗ್ಗುತ್ತದೆ. ವಾಲ್ವ್ ಸೀಟಿನಿಂದ ಸಿಲಿಂಡರ್ ಗೋಡೆಗೆ ಇಳಿದದ್ದಾದರೆ ಆ ಬ್ಲಾಕ್ ಅಲ್ಲೇ ಇರಲಿ. ಆರ್ಕ್ ವೆಲ್ಡಿಂಗ್ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಬೀಡು ಕಬ್ಬಿಣದ ಬ್ಲಾಕ್ ಬಿಡಬೇಡಿ. ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ.

ಪಿಸ್ಟನ್ ಹಿಡಿದುಕೊಂಡಿದ್ದರೆ ಸೀಮೆಎಣ್ಣೆ, ಗೇರ್ ಆಯಿಲ್ ಅರ್ಧರ್ಧ ಬೆರೆಸಿ ಬೋರಿಗೆ ಸುರಿದು ವಾರ ಬಿಟ್ಟು, ಮರದ ತುಂಡಿಟ್ಟು ಮೆಲ್ಲಗೆ ತಟ್ಟಬೇಕು. ಸುತ್ತಿಗೆ ಏಟಿಗೆ ಪಿಸ್ಟನ್ ಜೊತೆ ಕನೆಕ್ಟಿಂಗ್ ರಾಡೂ ಬಾಗುತ್ತದೆ. ರಿಬೋರ್ ಮಾಡಿಸುವಾಗ 239ರ ಬ್ಲಾಕನ್ನು 3 ಇಂಚು 5/16ರವರೆಗೆ ಎತ್ತುವುದು ರೂಢಿ. ಅದಕ್ಕಿಂತ ಮುಂದೆ ಹೋಗುವ ಮುಂಚೆ ಸ್ಲೀವ್ ಹಾಕಿಸುವ ಯೋಚನೆ ಮಾಡಿ.

ಚಾಸಿಯ ವಿಷಯಕ್ಕೆ ಬಂದರೆ, ಮಾಡೆಲ್ ಎ ರೈಲುಗಳು 40 ಕುದುರೆ ಶಕ್ತಿಯ ನಾಲ್ಕು ಸಿಲಿಂಡರ್ ಇಂಜಿನ್ನಿಗೆ ಮಾಡಿದ ತೆಳು ಸಿ-ಚಾನೆಲ್. ವಿ-8 ಕೂರಿಸಿದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತವೆ. ಚಾನೆಲಿನ ತೆರೆದ ಬದಿಗೆ 3 ಮಿ.ಮೀ. ಪ್ಲೇಟ್ ಹಾಕಿ ಮುಚ್ಚುವುದೇ ಮದ್ದು. ಇಲ್ಲಿನ ವೆಲ್ಡರುಗಳ ಬೆಸುಗೆ ಚೆಂದ, ತಾಳ್ಮೆ ಕಮ್ಮಿ. ಒಂದೇ ಓಟಕ್ಕೆ ಮೂರು ಅಡಿ ಎಳೆದರೆ ಆರುವಾಗ ಕಬ್ಬಿಣ ಕುಗ್ಗಿ ರೈಲು ಬಾಳೆಕಾಯಿಯ ಹಾಗೆ ಬಾಗುತ್ತದೆ. ಎರಡು ಇಂಚು ವೆಲ್ಡ್ ಮಾಡಿ, ಎರಡು ಅಡಿ ಬಿಟ್ಟು ಮತ್ತೆ ಎರಡು ಇಂಚು, ನಂತರ ಆಚೆ ರೈಲು, ಕೈ ಇಟ್ಟರೆ ಸುಡದಷ್ಟು ಆರಿದ ಮೇಲೆ ಮತ್ತೆ ಇಲ್ಲಿ. ಅಷ್ಟೂ ಹೊತ್ತು ಚಾಸಿಯನ್ನು ನೇರವಾದ ಐ-ಬೀಮಿಗೆ ಬೋಲ್ಟ್ ಹಾಕಿ ಬಿಗಿದಿರಬೇಕು. ಮುಂಚೆ ಮತ್ತು ನಂತರ, ಮುಂದಿನ ಕ್ರಾಸ್‌ಮೆಂಬರಿನಿಂದ ಹಿಂದಿನದಕ್ಕೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಮಾಡಿ ಅಳೆದರೆ ಇನ್ನೂ ನಿಖರ. ಎರಡು ಕರ್ಣಗಳ ವ್ಯತ್ಯಾಸ ಒಂದು ಸೂತಕ್ಕಿಂತ (ಇಂಚಿನ ಎಂಟನೇ ಒಂದು ಭಾಗ) ಹೆಚ್ಚಿದ್ದರೆ ಮುಂದಕ್ಕೆ ಹೋಗಬೇಡಿ.

ಲೇತಿನ ಕೆಲಸಕ್ಕೆ ಒಂಬತ್ತು ಕೊಟ್ಟದ್ದು ಸುಮ್ಮನೆ ಅಲ್ಲ. ಹದಿನೈದು ಕಿಲೋಮೀಟರಿನೊಳಗೆ ಹರಿಹರ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತನ್ನೇ ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿ ವರ್ಷಗಳೇ ಆದರೂ ಕಿರ್ಲೋಸ್ಕರ್ ಲೇತ್ ಈ ಸೀಮೆಯ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿದೆ. ದಾವಣಗೆರೆಯ ಹತ್ತಿ ಗಿರಣಿಗಳೂ ಅಕ್ಕಿ ಗಿರಣಿಗಳೂ ಶಾಫ್ಟು, ಬುಷ್ಷು, ಪುಲ್ಲಿ ಎಂದು ಈ ಕೈಗಳಿಗೆ ಬಿಡುವು ಕೊಡಲಿಲ್ಲ. ಮಾದರಿ ತುಂಡು ಕೊಟ್ಟರೆ ಅದೇ ತುಂಡು ವಾಪಸ್ ಬರುತ್ತದೆ. ಇಲ್ಲಿರುವ ಅಪಾಯವೂ ಅದೇ. ಸವೆದ ಮಾದರಿ ಕೊಟ್ಟರೆ ಸವೆದ ಅಳತೆಗೇ ಹೊಸದು ಬರುತ್ತದೆ.

ಕಿಂಗ್ ಪಿನ್ (ಮುಂದಿನ ಚಕ್ರ ಎಡ-ಬಲಕ್ಕೆ ತಿರುಗಲು ಆಧಾರವಾದ ಪಿನ್) ನೋಡಿ. 1928ರಿಂದ 1948ರವರೆಗಿನ ಫೋರ್ಡಿನ ಪಿನ್ 13/16 ಇಂಚು ದಪ್ಪ. ಪಿನ್ನಿಗೂ ಬುಷ್ಷಿಗೂ ಒಂದರಿಂದ ಒಂದೂವರೆ ಥೌ ಸಂದು ಬೇಕು. ಲೇತಿನವರು ಮೇಲಿನ ಬುಷ್, ಕೆಳಗಿನ ಬುಷ್ ಬೇರೆ ಬೇರೆ ಬೋರ್ ಮಾಡಿ ಒತ್ತಿ ಕೂರಿಸುತ್ತಾರೆ. ಒಂದೊಂದನ್ನೇ ನೋಡಿದರೆ ಎರಡೂ ಸರಿ, ಪಿನ್ ಮಾತ್ರ ಎರಡರಲ್ಲೂ ಒಟ್ಟಿಗೆ ಇಳಿಯುವುದಿಲ್ಲ. ಆಗ ಎಮರಿ ಪೇಪರ್ ಹಿಡಿದು ಪಿನ್ನನ್ನೇ ತಿಕ್ಕಿ ಇಳಿಸುತ್ತಾರೆ, ಮೇಲಿನ ಗಟ್ಟಿ ಪದರವೇ ಹೋಗುತ್ತದೆ. ಸರಿಯಾದ ಕ್ರಮವೆಂದರೆ ಎರಡೂ ಬುಷ್ ಕೂರಿಸಿದ ಮೇಲೆ ಉದ್ದನೆಯ ರೀಮರನ್ನು ಎರಡರಲ್ಲೂ ಒಂದೇ ಸಲ ಹಾಯಿಸುವುದು. ಮುಗಿದ ಮೇಲೆ ಪಿನ್ನಿಗೆ ತೆಳು ಎಣ್ಣೆ ಸವರಿದರೆ ಹೆಬ್ಬೆರಳಿನ ಒತ್ತಡಕ್ಕೆ ಇಳಿಯಬೇಕು, ತನ್ನ ತೂಕಕ್ಕೆ ತಾನೇ ಬೀಳಬಾರದು.

ಹಿಂದಿನ ಹಬ್ಬು ಇನ್ನೂ ಸೂಕ್ಷ್ಮ. ಹಳೇ ಫೋರ್ಡಿನಲ್ಲಿ ಆಕ್ಸಲ್ ಶಾಫ್ಟಿನ ತುದಿ ಟೇಪರ್, ಅದರಲ್ಲೊಂದು ಕೀ. ಚಕ್ರ ತಿರುಗಿಸುವ ಭಾರ ಹೊರುವುದು ಟೇಪರಿನ ಹಿಡಿತ. ಕೀ ಇರುವುದು ಸಹಾಯಕ್ಕೆ. ನಟ್ ಸಡಿಲವಿದ್ದರೆ ಹಬ್ ಕೂದಲೆಳೆಯಷ್ಟು ಅಲುಗಾಡುತ್ತ ಟೇಪರನ್ನು ತಿಂದು, ಕೀ ಕತ್ತರಿಸಿ, ಕೊನೆಗೆ ಕೀ ಕೂರುವ ಕೊರಕಲಿನ ಮೂಲೆಯಿಂದಲೇ ಶಾಫ್ಟ್ ತುಂಡಾಗುತ್ತದೆ. ಹಾಗಾಗಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಹಬ್ಬನ್ನು ಕೀ ಇಲ್ಲದೆ ಕೈಯಲ್ಲಿ ತಿರುಗಿಸಿ ಕೂರಿಸಬೇಕು. ಒರೆಸಿ, ಇಂಕು ಹಚ್ಚಿ ನೋಡಿದರೆ ಟೇಪರಿನ ಬಹುಭಾಗ ಗುರುತು ಬಿದ್ದಿರಬೇಕು. ಜೋಡಿಸುವಾಗ ಗ್ರೀಸ್ ಹಚ್ಚಬೇಡಿ, ಒಣಗಿಯೇ ಕೂರಲಿ. ನಟ್ಟಿಗೆ ಮಾಡೆಲ್ ಎ ಆದರೆ ಕನಿಷ್ಠ 100 ಅಡಿ-ಪೌಂಡ್, ನಂತರದ ವಿ-8 ಹೌಸಿಂಗ್ ಆದರೆ 200ರ ಆಸುಪಾಸು. ಟಾರ್ಕ್ ರೆಂಚ್ ಇಲ್ಲದಿದ್ದರೆ 200ಕ್ಕೆ ನಾಲ್ಕು ಅಡಿ ಪೈಪಿನ ತುದಿಯಲ್ಲಿ 23 ಕೆಜಿ ಭಾರ ಎಂದು ಲೆಕ್ಕ ಹಾಕಿ. ಬಿಚ್ಚುವಾಗ ಶಾಫ್ಟಿನ ತುದಿಗೆ ಸುತ್ತಿಗೆ ಹೊಡೆದರೆ ಆ ಪೆಟ್ಟು ಒಳಗಿನ ಬೇರಿಂಗ್, ಗೇರುಗಳಿಗೆ ಹೋಗುತ್ತದೆ. ಹಬ್ಬಿನ ಹೊರ ತುದಿಯನ್ನು ಹಿಡಿದೆಳೆಯುವ ಪುಲ್ಲರನ್ನು ಲೇತಿನವರಿಂದಲೇ ಮಾಡಿಸಿಕೊಳ್ಳಿ. ಅರ್ಧ ದಿನದ ಕೆಲಸ, ಗಾಡಿ ಇರುವ ತನಕ ಬೇಕಾಗುತ್ತದೆ.

ಟಾರ್ಕ್ ಟ್ಯೂಬ್ (ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟನ್ನು ಮುಚ್ಚಿದ ಕೊಳವೆ) ಗಿಡ್ಡ ಮಾಡಿಸುವುದೂ ಇಲ್ಲೇ ಆಗುತ್ತದೆ. ಮಾಡೆಲ್ ಎ ವೀಲ್‌ಬೇಸ್ 103.5 ಇಂಚು, 1940ರ ಫೋರ್ಡಿನದು 112. ದೊಡ್ಡ ಗಾಡಿಯ ಹೌಸಿಂಗ್ ಹಾಕಿದರೆ ಟ್ಯೂಬನ್ನೂ ಒಳಗಿನ ಶಾಫ್ಟನ್ನೂ ಕತ್ತರಿಸಬೇಕು, ಎರಡನ್ನೂ ಕರಾರುವಾಕ್ಕಾಗಿ ಒಂದೇ ಅಳತೆಗೆ. ಎಷ್ಟು ಎಂಬುದನ್ನು ಪುಸ್ತಕದಿಂದ ತೆಗೆಯಬೇಡಿ. ಇಂಜಿನ್, ಗೇರ್ ಬಾಕ್ಸ್ ಕೂರಿಸಿ, ಹಿಂದಿನ ಕಮಾನಿನ ಮೇಲೆ ಭಾರ ಬಿದ್ದ ಮೇಲೆ ಅಳೆದುಕೊಳ್ಳಿ. ವೆಲ್ಡ್ ಆದ ಶಾಫ್ಟನ್ನು ಮತ್ತೆ ಲೇತಿಗೆ ಕಟ್ಟಿ ಡಯಲ್ ಗೇಜ್ ಇಟ್ಟು, ಓಲಾಟ 10 ಥೌ ಒಳಗೆ ಬರುವವರೆಗೆ ನೇರ ಮಾಡಿಸಬೇಕು.

ಲೇತಿನವರು ಕಳೆದುಕೊಂಡ ಆ ಒಂದು ಅಂಕ ಮರೆಗಳಿಗೆ (ಬೋಲ್ಟಿನ ಥ್ರೆಡ್). ಹಳೇ ಫೋರ್ಡ್ ಪೂರ್ತಿ ಇಂಚಿನ ಗಾಡಿ. ಚಕ್ರದ ಸ್ಟಡ್ ಅರ್ಧ ಇಂಚು, ಇಂಚಿಗೆ 20 ಮರೆ. ಅಂಗಡಿಯಲ್ಲಿ ಕೈಗೆ ಸಿಗುವುದು 12 ಮಿ.ಮೀ., 1.25 ಪಿಚ್. ಅರ್ಧ ಇಂಚಿನ ನಟ್ಟು ಈ ಸ್ಟಡ್ಡಿಗೆ ಬೆಣ್ಣೆಯ ಹಾಗೆ ಇಳಿಯುತ್ತದೆ, ಎರಡರ ಪಿಚ್ಚೂ ಹೆಚ್ಚುಕಮ್ಮಿ ಒಂದೇ. ಆದರೆ ದಪ್ಪದಲ್ಲಿ 0.7 ಮಿ.ಮೀ. ಕಮ್ಮಿ, ಮರೆ ತುದಿಯಲ್ಲಷ್ಟೇ ಹಿಡಿದಿರುತ್ತದೆ. ಬಿಗಿಯುವಾಗ ಕಿತ್ತುಬಂದರೆ ಪುಣ್ಯ, ಓಡುವಾಗ ಬಂದರೆ ಚಕ್ರ ನಿಮಗಿಂತ ಮುಂದೆ ಹೋಗುತ್ತದೆ. ಇದನ್ನು "ನಡೀತತಿ" ಎಂದವರು ಒಬ್ಬಿಬ್ಬರಲ್ಲ.

ಕಮಾನು ಕೆಲಸಕ್ಕೆ ಎಂಟು. ಹೆದ್ದಾರಿಯ ಲಾರಿಗಳಿಂದಾಗಿ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಒಳ್ಳೆಯ ಕಮಾನು ಮೇಸ್ತ್ರಿಗಳಿದ್ದಾರೆ. ಗಾಡಿ ತಗ್ಗಿಸಲು ಮುಖ್ಯ ಪಟ್ಟಿಯ ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ತಿರುವಿಸಿ, ನಡುವಿನ ಕೆಲವು ಪಟ್ಟಿ ತೆಗೆಯುವುದು ಹಳೇ ರೂಢಿ. ಕಣ್ಣು ತಿರುವಿದರೆ ಒಂದು ಇಂಚಿನ ಮೇಲೆ ಇಳಿಯುತ್ತದೆ. ಕೆಂಪಗೆ ಕಾಯಿಸಿ ಬಗ್ಗಿಸಿದ ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ಮತ್ತೆ ಹದ ಕೊಡದಿದ್ದರೆ ತಿಂಗಳೊಳಗೆ ಚಪ್ಪಟೆ. ಪಟ್ಟಿಯ ಕಮಾನನ್ನು ಮಾತ್ರ ತಣ್ಣಗಿರುವಾಗಲೇ ಸುತ್ತಿಗೆಯಲ್ಲಿ ಹೊಡೆದು ಹೊಂದಿಸುವವರಿಗೆ ಕೊಡಿ. ಇನ್ನೊಂದು ಎಚ್ಚರ: ಲಾರಿ ಕಮಾನಿಗಿಂತ ಇದರ ಬಾಗು ಜಾಸ್ತಿ. ನಡುವಿನ ಬೋಲ್ಟ್ ಸುಮ್ಮನೆ ಬಿಚ್ಚಿದರೆ ಪಟ್ಟಿಗಳು ಬಾಣದ ಹಾಗೆ ಹಾರುತ್ತವೆ. ಎರಡು ಕಡೆ ಸಿ-ಕ್ಲಾಂಪ್ ಹಾಕಿ, ನಡುವೆ ಉದ್ದನೆಯ ಮರೆ ರಾಡ್ ಹಾಕಿ, ನಿಧಾನ ಸಡಿಲಿಸಬೇಕು. ಭಾರ ಬಿದ್ದಾಗ ಶ್ಯಾಕಲ್ (ಕಮಾನಿನ ತುದಿಯನ್ನು ಹಿಡಿದಿರುವ ಕೊಂಡಿ) ಸುಮಾರು 45 ಡಿಗ್ರಿ ವಾಲಿರಲಿ. ನೆಟ್ಟಗೆ ನಿಂತರೆ ಕಮಾನು ಆಡುವುದೇ ಇಲ್ಲ.

ಮುಂದಿನ ಆಕ್ಸಲನ್ನು ಕಾಯಿಸಿ ಬಗ್ಗಿಸಿ ತಗ್ಗಿಸುವ ಕೆಲಸ ಇಲ್ಲಿ ಮಾಡಿಸಬೇಡಿ. ಸ್ಟೀರಿಂಗ್ ಆರ್ಮ್, ಪಿಟ್‌ಮನ್ ಆರ್ಮ್, ಸ್ಪಿಂಡಲ್ ಇವಕ್ಕೆ ವೆಲ್ಡಿಂಗ್ ಹೋಲ್ಡರ್ ತಾಗಲೂ ಬಾರದು. ವಿಶ್‌ಬೋನನ್ನು (ಮುಂದಿನ ಆಕ್ಸಲನ್ನು ಹಿಂದಿನಿಂದ ಹಿಡಿದಿಡುವ ಕವೆಯಂಥ ರಾಡ್) ಸೀಳಿ ಎರಡು ಕಡೆ ಚಾಸಿಗೆ ಕಟ್ಟುವುದು ಹಾಟ್ ರಾಡಿನ ಹಳೇ ಪದ್ಧತಿ, ಇಂಜಿನ್ನಿಗೆ ಜಾಗ ಸಿಗುತ್ತದೆ. ಹಾಗೆ ಮಾಡಿದ ಮೇಲೆ ಒಂದು ಚಕ್ರ ಹಳ್ಳಕ್ಕೆ ಇಳಿದಾಗ ಆಕ್ಸಲ್ಲೇ ತಿರುಚಿಕೊಳ್ಳಬೇಕಾಗುತ್ತದೆ. ಐ-ಬೀಮ್ ಅಷ್ಟು ಬಳುಕುತ್ತದೆ, ಪೈಪಿನ ಆಕ್ಸಲ್ ಬಳುಕುವುದಿಲ್ಲ, ಬ್ರಾಕೆಟ್ಟನ್ನು ಕಿತ್ತುಕೊಳ್ಳುತ್ತದೆ. ಆದ್ದರಿಂದ ಸೀಳಿದರೆ ಐ-ಬೀಮೇ ಇರಲಿ.

ವೀಲ್ ಅಲೈನ್‌ಮೆಂಟಿಗೆ ಮೂರು. ಕಂಪ್ಯೂಟರ್ ಮಿಷನ್ನಿನಲ್ಲಿ ಈ ಗಾಡಿಯ ಹೆಸರೇ ಬರುವುದಿಲ್ಲ, ಹುಡುಗರು ಯಾವುದೋ ಜೀಪಿನ ಅಂಕಿ ಹಾಕಿ ಬಿಡುತ್ತಾರೆ. ಸಮತಟ್ಟಾದ ನೆಲ, ದಾರ, ಟೇಪ್ ಸಾಕು. ಟೋ-ಇನ್ (ಮುಂದಿನ ಚಕ್ರಗಳು ಒಳಕ್ಕೆ ಮುಖ ಮಾಡಿರುವ ಅಳತೆ) 1/16 ಇಂಚು. ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) 5ರಿಂದ 7 ಡಿಗ್ರಿ, ಕಿಂಗ್ ಪಿನ್ ಬಾಸ್ ಮೇಲೆ ಕೋನಮಾಪಕ ಇಟ್ಟು ನೋಡಿ. ವಿಶ್‌ಬೋನ್ ಹಿಂದಿನ ತುದಿ ಇಳಿಸಿದರೆ ಕ್ಯಾಸ್ಟರ್ ಬದಲಾಗುತ್ತದೆ ಎಂಬುದು ಮರೆತುಹೋಗಿ, ಸ್ಟೀರಿಂಗ್ ಥರಥರ ನಡುಗತೊಡಗಿದಾಗ ಬಾಕ್ಸನ್ನು ಬೈಯುವವರೇ ಹೆಚ್ಚು.

ರೇಡಿಯೇಟರ್ ಅಂಗಡಿಗಳಿಗೆ ಐದು. ತಾಮ್ರದ ಕೋರ್, ಹಿತ್ತಾಳೆ ಟ್ಯಾಂಕ್, ಸೀಸದ ಬೆಸುಗೆ ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆ. ಕೊಳವೆಗಳಿಗೆ ಸರಳು ಹಾಯಿಸಿ ಶುಚಿ (ರಾಡಿಂಗ್) ಮಾಡಿ, ಹೊಸ ಕೋರ್ ಕಟ್ಟಿ ಕೊಡುತ್ತಾರೆ, ಆ ಕೆಲಸ ಅಪ್ಪಟ. ಅಂಕ ಕಳೆದದ್ದು ಮುಚ್ಚಳದಿಂದ. ಹೊಸ ಕಾರಿನ 0.9 ಬಾರ್ ಮುಚ್ಚಳ ಹಾಕಿ ಕಳಿಸುತ್ತಾರೆ. ಹಳೇ ಟ್ಯಾಂಕಿನ ಬೆಸುಗೆ ಒತ್ತಡವೇ ಇಲ್ಲದ ಕಾಲದ್ದು, ಮೇಲಿನ ಟ್ಯಾಂಕ್ ಪೂರಿಯ ಹಾಗೆ ಉಬ್ಬಿ ಸೀಳುತ್ತದೆ. 4 ಪಿಎಸ್‌ಐ ಮೇಲೆ ಹೋಗಬೇಡಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಒಂದೊಂದು ಪಿಎಸ್‌ಐಗೆ ಹೆಚ್ಚುಕಮ್ಮಿ ಒಂದೂವರೆ ಡಿಗ್ರಿ ಮೇಲಕ್ಕೆ ಹೋಗುತ್ತದೆ, ಏಪ್ರಿಲ್ ಬಿಸಿಲಿಗೆ ಆ ನಾಲ್ಕೇ ಆಸರೆ. ಅಸಲಿಗೆ ಫ್ಲಾಟ್‌ಹೆಡ್ ಕಾಯುವುದು ರೇಡಿಯೇಟರಿನಿಂದಲ್ಲ, ಬ್ಲಾಕಿನ ಜಾಕೆಟ್ಟಿನಲ್ಲಿ ಕೂತ ತುಕ್ಕಿನ ಕೆಸರು, ಎರಕದ ಮರಳಿನಿಂದ. ಎಲ್ಲ ಕೋರ್ ಪ್ಲಗ್ ಬಿಚ್ಚಿ, ಬಾಗಿದ ತಂತಿಯಿಂದ ಕೆರೆದು, ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದಿ ತೊಳೆಸಿ. ಅಲ್ಯುಮಿನಿಯಂ ಹೆಡ್ ಆ ತೊಟ್ಟಿಗೆ ಹೋದರೆ ಕರಗಿ ಹಾಳಾಗುತ್ತದೆ, ಅದನ್ನು ಬೇರೆ ಇಡಿ.

ವಿ-8 ಸಿಗದವರು ಮಾಡೆಲ್ ಎ ಇಂಜಿನ್ನನ್ನೇ ಹಾಕುವುದರಲ್ಲಿ ತಪ್ಪಿಲ್ಲ, ಅದೂ ಹಳೇ ಪದ್ಧತಿಯೇ. ಅದರ ಬೇರಿಂಗ್ ವೈಟ್ ಮೆಟಲ್ ಎರಕ. ಅಕ್ಕಿ ಗಿರಣಿಯ ಹಳೇ ಆಯಿಲ್ ಇಂಜಿನ್ನುಗಳಿಗೆ ಎರಕ ಹೊಯ್ದವರು ಸಿಕ್ಕರೆ ಬಿಡಬೇಡಿ. ಹೊಯ್ದ ಮೇಲೆ ತಟ್ಟಿ ನೋಡಿ. ಟಣ್ ಎಂದರೆ ಹಿಡಿದಿದೆ, ಮಂಕು ಸದ್ದಾದರೆ ಕೆಳಗೆ ತವರ ಕೂತಿಲ್ಲ, ಮತ್ತೆ ಹೊಯ್ಯಬೇಕು.

ಬ್ರೇಕಿಗೆ 1939ರ ನಂತರದ ಫೋರ್ಡಿನ 12 ಇಂಚಿನ ಹೈಡ್ರಾಲಿಕ್ ಡ್ರಮ್ ಸೆಟ್ ಹುಡುಕಿ. ಡ್ರಮ್ಮನ್ನು 60 ಥೌಗಿಂತ ಹೆಚ್ಚು ಕೊರೆಸಬೇಡಿ. ಮಾಸ್ಟರ್ ಸಿಲಿಂಡರ್ ನೆಲದ ಕೆಳಗೆ, ಚಕ್ರದ ಸಿಲಿಂಡರಿಗಿಂತ ತಗ್ಗಿನಲ್ಲಿ ಕೂರುವುದರಿಂದ ಲೈನಿನಲ್ಲಿ 10 ಪಿಎಸ್‌ಐ ಉಳಿಸುವ ವಾಲ್ವ್ ಬೇಕು, ಇಲ್ಲದಿದ್ದರೆ ಪೆಡಲ್ ಎರಡು ಸಲ ತುಳಿಯಬೇಕಾಗುತ್ತದೆ. ರಿಮ್ಮಿಗೆ ಒಂದು ಸಂತೋಷದ ಸುದ್ದಿ: ಮಾಡೆಲ್ ಎಗೂ 1940-48ರ ಫೋರ್ಡಿಗೂ ವಿಲ್ಲೀಸ್ ಮಾದರಿ ಜೀಪಿಗೂ ಐದು ಬೋಲ್ಟು, ಐದೂವರೆ ಇಂಚಿನ ವೃತ್ತ. ಜೀಪಿನ 16 ಇಂಚಿನ ರಿಮ್ ಕೂರುತ್ತದೆ, ನಡುವಿನ ತೂತು ಮಾತ್ರ ಅಳೆದು ನೋಡಿ. ಟೈರ್ 6.00-16. ಅದೇ ಅಳತೆಯ ಮೂರು ಗೆರೆಯ ಟ್ರ್ಯಾಕ್ಟರ್ ಮುಂದಿನ ಟೈರ್ ಎಪಿಎಂಸಿ ಕಡೆಯ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ನೋಡಲೂ ಹಳೇ ರೇಸಿನ ಟೈರಿನ ಹಾಗೇ ಇರುತ್ತದೆ. ಅದು ಗಂಟೆಗೆ 30-40 ಕಿಲೋಮೀಟರಿನ ಟೈರ್. ಗಾಡಿ ನಿಲ್ಲಿಸಿ ಫೋಟೋ ತೆಗೆಯಲು ಸರಿ.

ವೈರಿಂಗಿಗೆ ನಾಲ್ಕು. ಈ ಕಾಲದ ಫೋರ್ಡ್ 6 ವೋಲ್ಟ್, ಅದರಲ್ಲೂ ಬಾಡಿಗೆ ಕೂರುವುದು ಪ್ಲಸ್. ಎಲೆಕ್ಟ್ರಿಷಿಯನ್ನುಗಳು ಅಭ್ಯಾಸಬಲದಿಂದ ಮೈನಸ್ ಕೊಟ್ಟು ಆಂಪಿಯರ್ ಮೀಟರ್ ಉಲ್ಟಾ ಓಡುವಂತೆ ಮಾಡುತ್ತಾರೆ. 6 ವೋಲ್ಟಿನಲ್ಲಿ 35 ವ್ಯಾಟಿನ ಎರಡು ಹೆಡ್‌ಲೈಟು ಸುಮಾರು 12 ಆಂಪಿಯರ್ ಎಳೆಯುತ್ತವೆ, 12 ವೋಲ್ಟಿನ ಗಾಡಿಯ ಎರಡರಷ್ಟು. ಬೈಕಿನ ತೆಳು ವೈರ್ ಎಳೆದರೆ ದೀಪ ಮಂಕು, ವೈರ್ ಬಿಸಿ. 12 ವೋಲ್ಟಿಗೆ ಬದಲಿಸುವುದಾದರೆ ಕಾಯಿಲಿಗೆ ರೆಸಿಸ್ಟರ್ ಹಾಕದೆ ಬಿಟ್ಟರೆ ಪಾಯಿಂಟು ವಾರಕ್ಕೊಮ್ಮೆ ಸುಡುತ್ತದೆ. 6 ವೋಲ್ಟಿನ ಸ್ಟಾರ್ಟರ್ ಮಾತ್ರ ಕಮ್ಮಿ ಹೊತ್ತು ಒತ್ತಿದರೆ ತಾಳಿಕೊಳ್ಳುತ್ತದೆ. ಪೆಟ್ರೋಲ್ ಪಂಪಿನ ವಿಷಯದಲ್ಲೂ ಇದೇ ತಪ್ಪು: ಸ್ಟ್ರಾಂಬರ್ಗ್ 97 ಕಾರ್ಬುರೇಟರಿಗೆ ಎರಡೂವರೆ ಪಿಎಸ್‌ಐ ಸಾಕು, ಇಂಜೆಕ್ಷನ್ ಗಾಡಿಯ ಪಂಪ್ ಹಾಕಿದರೆ ಫ್ಲೋಟಿನ ವಾಲ್ವ್ ತಡೆಯಲಾರದೆ ಇಂಜಿನ್ ಮೇಲೆಲ್ಲ ಪೆಟ್ರೋಲ್. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಡಯಾಫ್ರಾಮ್ ಬಾಳುವುದಿಲ್ಲ, ಎಲ್ಲ ಹೋಸೂ ಹೊಸದಾಗಲಿ.

ಟಿಂಕರಿಂಗಿಗೆ ಏಳು. 18 ಅಥವಾ 20 ಗೇಜ್ ತಗಡಿಗೆ ಗ್ಯಾಸ್ ವೆಲ್ಡಿಂಗ್ ಹಾಕಿ ಬಿಸಿಯಲ್ಲೇ ಬಡಿದು ನೇರ ಮಾಡುವ ಕಲೆ ಇಲ್ಲಿ ಉಳಿದಿದೆ. ಪುಟ್ಟಿ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಆಯಸ್ಕಾಂತ ಹಿಡಿದುಕೊಂಡು ಹೋಗಿ. ಅಂಟದಿದ್ದರೆ ತೆಗೆಸಿ. ಕುಶನ್ ಕೆಲಸ ಚೆನ್ನಾಗಿದೆ, ಒಂದು ಇಂಚಿನ ನೆರಿಗೆ ಎಂದು ತೋರಿಸಿದರೆ ಸಾಕು. ಪೇಂಟ್ ಎಲ್ಲಿ ಮಾಡಿಸಿದರೂ ನಡೆಯುತ್ತದೆ.

ಮೊದಲ ಸ್ಟಾರ್ಟಿಗೆ ಮುಂಚೆ ಪ್ಲಗ್ ಬಿಚ್ಚಿ, ಆಯಿಲ್ ಗೇಜ್ ಏಳುವವರೆಗೆ ಬರೀ ಕ್ರ್ಯಾಂಕ್ ಮಾಡಿ. ಫೈರಿಂಗ್ ಆರ್ಡರ್ 1-5-4-8-6-3-7-2. ಹೆಡ್ ನಟ್ಟು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯಬೇಕು. ಇಂಜಿನ್ ಒಮ್ಮೆ ಪೂರ್ತಿ ಬಿಸಿಯಾದ ಮೇಲೆ ಬೀಡು ಹೆಡ್ಡಾದರೆ ಬಿಸಿಯಿರುವಾಗಲೇ, ಅಲ್ಯುಮಿನಿಯಂ ಹೆಡ್ಡಾದರೆ ಪೂರ್ತಿ ಆರಿದ ಮೇಲೆ, ಮತ್ತೊಮ್ಮೆ ಬಿಗಿಯಿರಿ. ಹಿಂದಿನ ಹಬ್ ನಟ್ಟನ್ನು ಮೊದಲ 50 ಕಿಲೋಮೀಟರಿಗೇ ಪಿನ್ ತೆಗೆದು ಬಿಗಿದು ನೋಡಿ. ಮುಕ್ಕಾಲು ಪಾಲು ಗಾಡಿಗಳಲ್ಲಿ ಕಾಲು ಸುತ್ತು ಇನ್ನೂ ಏರುತ್ತದೆ ಎಂದುಕೊಂಡೇ ಪೈಪು ಹಿಡಿದುಕೊಂಡು ಕೂರಿ.